ಯಾವ ಬಟನ್ ಒತ್ತಿದ್ರೂ ಅದೇ ಬೆಂಕಿ

ಮೊನ್ನೆ ನಾನು ಮೊಬೈಲಿಗೆ ‘ಹ್ಞೂಂ’ ಅಂದೆ. ಅದೂ ಮೇಲಿಂದ ಮೇಲೆ.

ನಗಬ್ಯಾಡಿ. ಮೊಮ್ಮಗಳು ಚೈತ್ರ ಗೇಮ್ ಆಡ್ತಿದ್ಲು. ಅದ್ರಲ್ಲಿ ಒಬ್ಬ ಗಡಸು ದನೀಲಿ ಇಂಗ್ಲೀಷ್ ಕಥೆ ಹೇಳ್ತಾನೆ, ಇವಳು ನಂಗೆ ಕನ್ನಡದಲ್ಲಿ ಬಿಡಿಸಿ ಹೇಳ್ತಾಳೆ, ಕಥೆಯೊಳಗೆ ನಡೆಯೋರು ನಾವು. ಕವಲುದಾರಿ ಬಂತು ಅಂದೋನು ಸುಮ್ಕಾಗ್ಬುಟ್ಟ. ನಮ್ಮ ಕಡೆ ಕಥೆಗಾರ ನಿಲ್ಸುದ್ರೆ ಕೇಳೋನು ಹ್ಞೂಂಗುಟ್ಬೇಕು. ಇಲ್ದಿದ್ರೆ ಕಥೆ ಮುಂದಕ್ಕೆ ಹೋಗಾಕಿಲ್ಲ. ಅದಕ್ಕೇ ಅಂದೆ.

“ತಾತ, ಹ್ಞೂಂ ಅಂದ್ರೆ ಆಗಲ್ಲ. ಯಾವ ಕಡೆ ಅಂತ ಬಟನ್ ಒತ್ಬೇಕು!”

ಎಡ ಒತ್ತಿದೆ. ಊರು ಸುಟ್ಟೋಯ್ತು. ಮೊದಲಿಂದ ಆಡಿ ಬಲ ಒತ್ತಿದೆ. ಅದೇ ಊರು, ಅದೇ ಬೆಂಕಿ.

“ಮೋಸ ತಾತ ಇದು. ನಮ್ಮನ್ನ ಕೇಳೋದು ಬರೀ ನಾಟಕ,” ಅಂತ ಮುಖ ಊದಿಸ್ಕಂಡ್ಲು.

“ಕಥೆಗಾರನ ಕೈಚಳಕ ಅಂದ್ರೆ ಅದೇ ಕಣಮ್ಮಿ!” ಅಂದೆ. (ಗುಂಡ್ಲುಪೇಟೆ ತಾಲೂಕಲ್ಲಿ ನನ್ನಂಗೆ ಸುಳ್ಳು ಹೇಳೋನು ಇನ್ನೊಬ್ಬ ಇದ್ರೆ ಕರ್ಕಂಡ್ ಬನ್ನಿ. ಬೇಗೂರು ಬಸ್ಸಿಗೆ ಹುಲಿ ಕೈ ಅಡ್ಡ ಹಾಕ್ತು ಅಂತ ಕಂಡಕ್ಟರನ್ನೇ ನಂಬ್ಸಿದೋನು ನಾನು.)

ಕೇಳೋನ ಕೈಲೇ ದಾರಿ ಆರಿಸೋ ಆ ಐಡಿಯಾ ಹಿಡ್ಕಂಡು ಅಮೀರನ ಮನೆಗೆ ಹೋದೆ. ಟೈಲರ್ ಅಮೀರ ನನ್ನ ಖಾಯಂ ಕೇಳುಗ. ಹಲ್ಲಲ್ಲಿ ದಾರ ಕಚ್ಕಂಡೇ ನನ್ನ ಕಥೆಗೆಲ್ಲ ಹ್ಞೂಂಗುಟ್ದೋನು. ಈಗ ಲಕ್ವ ಹೊಡ್ದದೆ. ಮಾತಿಲ್ಲ. ಎಡಗೈ ಮಾತ್ರ ಆಡ್ತದೆ.

“ಗಂಜಿನೂ ಬ್ಯಾಡ ಅಂತಾರೆ ಭಾಯ್. ಹಿಂಗೇ ಆದ್ರೆ ಉಳೀತಾರಾ? ನೀವಾದ್ರೂ ಏನಾದ್ರು ಮಾಡಿ,” ಅಂದ್ರು ಅವನ ಹೆಂಡತಿ, ನಮ್ಮ ಭಾಬಿ.

“ಲೇ ಅಮೀರ, ಇವತ್ತು ಕಥೆ ನೀನು ನಡೆಸ್ಬೇಕು ಕಣ್ಲಾ. ಒಂದು ಬೆರಳೋ, ಎರಡು ಬೆರಳೋ, ಎತ್ತು ಸಾಕು.”

ಕಥೆಗೆ ಒಬ್ಬ ಟೈಲರನ್ನೇ ತಂದೆ. ಮದ್ದೂರು ಕಾಡಲ್ಲಿ ದಾರಿ ತಪ್ಪಿಸ್ಬುಟ್ಟೆ. ಹಳ್ಳ ದಾಟೋದಾ, ಮರ ಹತ್ತೋದಾ? ಬೆರಳು ಎದ್ದೇಬುಡ್ತು! ಕಣ್ಣಲ್ಲಿ ಹಳೇ ಅಮೀರ. ಆ ಸಂದೀಲೇ ಭಾಬಿ ಒಂದೆರಡು ಚಮಚ ಗಂಜಿ ಇಳಿಸುದ್ರು. ನಾನು ಬೀಗಿದ್ದೇ ಬೀಗಿದ್ದು. ಯಾವ ಡಾಕ್ಟ್ರು ಮಾಡವ್ನೆ ಇದನ್ನ?

“ಎದ್ರುಗೆ ಒಂಟಿ ಸಲಗ. ಒಂದು, ಓಡೋದು. ಎರಡು, ಅಲ್ಲೇ ಕೂತ್ಬುಡೋದು.”

ಎರಡು ಬೆರಳು.

“ಸಲಗ ಕಣ್ಲಾ! ತುಳಿದಾಕ್ಬುಡ್ತದೆ!”

ಎರಡೇ. ಬೆರಳು ಬಗ್ಗಲಿಲ್ಲ.

ನಾನೇನ್ ಮಾಡ್ಲಿ? ಟೈಲರನ್ನ ಸಾಯ್ಸೋಕೆ ಬಾಯಿ ಬರ್ಲಿಲ್ಲ. “ಕೂತ. ಸಲಗ ಬಂತು, ಮೂಸ್ತು, ಬೆನ್ನ ಮೇಲೆ ಕೂರಿಸ್ಕಂಡು ಸೀದಾ ಮನೆ ಬಾಗ್ಲಿಗೆ ತಂದ್ಬುಡ್ತು,” ಅಂದೆ.

ಅಮೀರ ನನ್ನನ್ನೇ ನೋಡ್ದ. ಜೀವಮಾನವೆಲ್ಲ ನನ್ನ ಸುಳ್ಳು ಕೇಳಿದೋನು, ಒಂದಕ್ಕೂ ಹಂಗೆ ನೋಡಿರ್ಲಿಲ್ಲ. ಕೈಯನ್ನ ಹೊದಿಕೆಯೊಳಕ್ಕೆ ಎಳ್ಕಂಡ. ಗೋಡೆ ಕಡೆ ಮುಖ ತಿರುಗಿಸ್ಬುಟ್ಟ. ಭಾಬಿ ಚಮಚ ಹಿಡಿದ್ರೆ ಬಾಯಿ ತೆಗೀಲಿಲ್ಲ.

ನಾವೆಲ್ಲ ಹಿಂಗೇ ಅಲ್ವಾ? ಕಾಯಿಲೆ ಬಿದ್ದೋರನ್ನ, ಮಕ್ಕಳನ್ನ, ‘ನಿನ್ನಿಷ್ಟ’ ಅಂತ ಕೇಳ್ತೀವಿ. ಮಾಡೋದು ನಮ್ಮಿಷ್ಟ.

ಈಗ್ಲೂ ದಿನಾ ಹೋಗ್ತೀನಿ. ಹೊಸ ಕಥೆ, ಹೊಸ ದಾರಿ. ಹೊದಿಕೆ ಅಲ್ಲಾಡಲ್ಲ. ಗಂಜಿ ಆರೋಯ್ತದೆ.

ಉತ್ತರ ತಡಕೊಳ್ಳೋ ಎದೆ ಇಲ್ದೋನು ನಾನು, ಅವ್ನನ್ನ ಯಾಕಾದ್ರೂ ಕೇಳ್ದೆ?