ಮಂಗಳಮ್ಮ ಹಾಕಿಸಿದ ಲೈಟು

ಚಾಮರಾಜಪೇಟೆಯ ಸರ್ವಮಂಗಳಮ್ಮನಷ್ಟು ಪುಕ್ಕಲು ಹೆಂಗಸು ಇನ್ನೊಬ್ಬಳು ಬೇಕೆಂದರೆ ದುರ್ಬೀನು ಹಾಕಿ ಹುಡುಕಬೇಕು. ಬೀಗ ಹಾಕಿ ಬೀದಿ ತುದಿ ಮುಟ್ಟಿದವಳು ವಾಪಸ್ ಬಂದು ಗ್ಯಾಸ್ ಸಿಲಿಂಡರ್ ಮುಟ್ಟಿ ನೋಡುವ ಜಾತಿ. ಮದುವೆಯಾಗಿ ಬಂದ ದಿನದಿಂದ ಹೀಗೇ. ಚಿಕ್ಕಪೇಟೆಯಲ್ಲಿ ಪಾತ್ರೆ ಅಂಗಡಿ ನಡೆಸುತ್ತಿದ್ದ ಗಂಡ ಗಂಗಾಧರಯ್ಯ ಬರುವುದು ಸ್ವಲ್ಪ ತಡವಾದರೂ ಗೇಟಿನಾಚೆಯ ಟಬೂಬಿಯಾ ಮರದ ಕೆಳಗೆ ನಿಂತೇ ಇರುತ್ತಿದ್ದಳು. ಸಂಕ್ರಾಂತಿ ಹೊತ್ತಿಗೆ ಆ ಮರ ಎಲೆ ಉದುರಿಸಿ, ಮೈತುಂಬ ಗುಲಾಬಿ ಬಣ್ಣದ ಹೂ ಬಿಡುತ್ತಿತ್ತು. ಮೊದಲ ಹೂ ಅವಳ ಅಂಗೈ ಮೇಲಿನ ಇಷ್ಟಲಿಂಗಕ್ಕೇ ಏರಬೇಕು.

ಹೋದ ವರ್ಷ ಕರೆಂಟಿನವರು ಬಂದು, ತಂತಿಗೆ ತಾಗುತ್ತದೆಂದು ಮೊಗ್ಗಿದ್ದ ಕೊಂಬೆಗಳನ್ನೆಲ್ಲ ಕಡಿದುಹಾಕಿದರು. ಆ ಹೂವಿಲ್ಲದೆಯೇ ಶಿವರಾತ್ರಿ ಕಳೆಯಿತು. ಯುಗಾದಿ ಹತ್ತಿರ ಬಂದಾಗ ಗಂಗಾಧರಯ್ಯ ಎದೆ ಹಿಡಿದುಕೊಂಡು ಕುಸಿದ. ಆಂಬುಲೆನ್ಸು ಕತ್ತಲಲ್ಲಿ ಮನೆ ಸಿಗದೆ ಬೀದಿಯಲ್ಲೇ ಸುತ್ತುತ್ತಿತ್ತು. ಸರ್ವಮಂಗಳಮ್ಮ ಬರಿಗಾಲಲ್ಲಿ ಅದರ ಹಿಂದೆ ಓಡಿದಳು. ಗಂಡನ ಜೀವ ಉಳಿಯಿತು. ಅವನು ಆಸ್ಪತ್ರೆಯಿಂದ ಬರುವಷ್ಟರಲ್ಲಿ ಮನೆ ಮುಂದೆ ಕಣ್ಣು ಕುಕ್ಕುವ ಎಲ್‌ಇಡಿ ಲೈಟು ಹಾಕಿಸಿದ್ದಳು. ರಾತ್ರಿಯಿಡೀ ಉರಿಯಬೇಕು, ಯಾರೂ ಆರಿಸಕೂಡದು.

ಈ ವರ್ಷ ಎಳ್ಳು ಬೀರಿದ್ದೂ ಆಯಿತು, ಮರ ಹಸಿರಾಗಿಯೇ ನಿಂತಿತ್ತು. ಗೇಟಿನಿಂದ ನೋಡಿದರೆ ಒಂದೇ ಒಂದು ಮೊಗ್ಗು ಕಾಣದು. ಶಿವರಾತ್ರಿ ಕಳೆದ ಮೇಲೆ ಗಂಡನಿಗೆ ಇನ್ನೊಂದು ಆಂಜಿಯೋಗ್ರಾಂ ಇದೆ. ಹೂ ಬಿಡದ ವರ್ಷ ಏನಾಯಿತೆಂಬುದನ್ನು ಬಾಯಿ ಬಿಟ್ಟು ಹೇಳಿದರೆ ಮತ್ತೆ ನಿಜವಾಗಿಬಿಟ್ಟೀತು ಎಂದು ಸುಮ್ಮನಾದಳು.

ಕೊನೆಗೆ ಬಾಯಿ ಬಿಟ್ಟದ್ದು ತಂಗಿಯ ಮಗಳು ಸಾನ್ವಿಯ ಹತ್ತಿರ. ಮರಗಿಡಗಳ ಜೀನ್‌ಗಳ ಮೇಲೆ ಪಿಎಚ್‌ಡಿ ಮಾಡುತ್ತಿರುವ ಹುಡುಗಿ. ಎದುರುಮನೆ ಟೆರೇಸ್ ಹತ್ತಿ ಮರವನ್ನು ನೋಡಿ ಬಂದಳು.

“ದೊಡ್ಡಮ್ಮ, ಆಚೆ ಕಡೆ ಕೊಂಬೇಲಿ ಮೊಗ್ಗಿದೆ. ನಿಮ್ಮ ಲೈಟ್ ಬೀಳೋ ಕಡೆ ಮಾತ್ರ ಇಲ್ಲ. ರಾತ್ರಿ ಎಷ್ಟು ಉದ್ದ ಅಂತ ಎಲೆ ಅಳೀತಾ ಇರುತ್ತೆ. ಕತ್ತಲು ಸಾಕಷ್ಟು ಸಿಕ್ಕಿದ್ರೆ ಕೆಲವು ಜೀನ್‌ಗಳು ಕೆಲಸ ಶುರು ಮಾಡಿ, ಬೆಳೆದಿದ್ದು ಸಾಕು ಮಲಗು ಅನ್ನುತ್ವೆ. ಹಾಗೆ ಮಲಗಿ ಎದ್ದ ಮೊಗ್ಗೇ ಹೂವಾಗೋದು. ನನಗನ್ಸುತ್ತೆ, ಈ ಲೈಟು ಅದನ್ನ ಮಲಗೋಕೇ ಬಿಟ್ಟಿಲ್ಲ.”

“ಅಂದ್ರೆ, ನಾನೇ ಮಾಡಿದ್ನೇನೇ ಇದನ್ನ?”

“ಆರಿಸಿ ನೋಡಿ ದೊಡ್ಡಮ್ಮ. ಈ ವರ್ಷವೇ ಹೂ ಬರುತ್ತೆ ಅಂತ ಗ್ಯಾರಂಟಿ ಹೇಳಲ್ಲ.”

ಒಳ್ಳೇ ಪೀಕಲಾಟ! ಲೈಟು ಉರಿದರೆ ಹೂವಿಲ್ಲ, ಆರಿದರೆ ಆಂಬುಲೆನ್ಸಿಗೆ ಮನೆ ಕಾಣದು. ಸಾನ್ವಿ ಹೋದಮೇಲೆ, ಊಟವಾದ ಹೊತ್ತಿನಲ್ಲಿ, ಸರ್ವಮಂಗಳಮ್ಮ ಸ್ವಿಚ್ಚಿನ ಮುಂದೆ ನಿಂತಳು.

“ಏನೇ ಮಂಗಳಾ, ಅಲ್ಯಾಕೆ ನಿಂತಿದೀಯಾ?” ಗಂಗಾಧರಯ್ಯ ಹಾಸಿಗೆಯಿಂದ ಕೇಳಿದ.

“ಈ ಲೈಟಿಂದ ಮರಕ್ಕೆ ನಿದ್ದೆ ಇಲ್ವಂತೆ ರೀ.”

“ಮರಕ್ಕೊಂದೇನಾ? ಕಿಟಕಿಯಿಂದ ನನ್ನ ಮುಖಕ್ಕೇ ಹೊಡೆಯುತ್ತೆ. ಆಸ್ಪತ್ರೆಯಿಂದ ಬಂದಾಗಿಂದ ಸರಿಯಾಗಿ ಕಣ್ಣು ಮುಚ್ಚಿಲ್ಲ. ನೀನು ಹೆದರ್ತೀಯ ಅಂತ ಸುಮ್ನಿದ್ದೆ.”

ಅಯ್ಯೋ ಶಿವನೇ! ಯಾವ ಎದೆಯನ್ನು ಕಾಯಲೆಂದು ಲೈಟು ಹಾಕಿಸಿದಳೋ, ಆ ಎದೆಗೇ ಇಷ್ಟು ದಿನ ವಿಶ್ರಾಂತಿ ಇರಲಿಲ್ಲ. ಅವಳಿಗೆ ಅಳು ಒತ್ತರಿಸಿ ಬಂತು. ಕಣ್ಣು ಮುಚ್ಚಿಕೊಂಡು ಸ್ವಿಚ್ ಒತ್ತಿದಳು. ಕೋಣೆ ಕತ್ತಲಾಯಿತು. ತಡವರಿಸುತ್ತ ಬಂದು ಪಕ್ಕದಲ್ಲಿ ಮಲಗಿದಳು.

“ರೀ, ಇದೀರಾ?”

“ಇದೀನಿ ಕಣೇ, ಮಲಗು.”

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದಳು. ಉತ್ತರವಿಲ್ಲ. ಇನ್ನೊಮ್ಮೆ ಕೂಗಿದಳು. ಇಲ್ಲ. ಧಡಕ್ಕನೆ ಎದ್ದು ಕೂತು ಕತ್ತಲಲ್ಲಿ ಅವನ ಎದೆ ಹುಡುಕಿ ಕೈ ಇಟ್ಟಳು. ಎದೆ ಮೆಲ್ಲಗೆ ಏರಿ ಇಳಿಯುತ್ತಿತ್ತು, ಸಣ್ಣಗೆ ಗೊರಕೆ. ಗಂಗಾಧರಯ್ಯ ನಿದ್ದೆ ಹೋಗಿದ್ದ. ಕೈ ತೆಗೆಯುವ ಧೈರ್ಯ ಮಾತ್ರ ಅವಳಿಗೆ ಬೆಳಗಿನವರೆಗೂ ಬರಲಿಲ್ಲ.