ಶಟರ್ ಎಳೀಬೇಡಿ, ಅಣ್ಣ

ನಮ್ಮ ಕಡೆ ಮೆರವಣಿಗೆ ಅಂದರೆ ಅಂಗಡಿಯವರು ಕೇಳೋದು ಒಂದೇ ಪ್ರಶ್ನೆ: "ಎಷ್ಟು ಗಂಟೆಗೆ ಶಟರ್ ಎಳೀಬೇಕು?" ಕಮ್ಮನಹಳ್ಳಿ ಮೇನ್ ರೋಡಿನಲ್ಲಿ ಕರಪತ್ರ ಹಂಚುತ್ತಿದ್ದ ನನಗೂ ತೊಯ್ಬಿಗೂ ಅದನ್ನೇ ಕೇಳಿ ಕೇಳಿ ಸಾಕಾಗಿತ್ತು. ತೊಯ್ಬಿ ಮಣಿಪುರದವಳು, ಅಲ್ಲೇ ಪಾರ್ಲರಿನಲ್ಲಿ ಕೆಲಸ. ಮುಖ ನೋಡಿದ ಕೂಡಲೇ "ಮನೆ ಖಾಲಿ ಇಲ್ಲ" ಅನ್ನಿಸಿಕೊಂಡವಳು.

ಹಾರ್ಡ್‌ವೇರ್ ಅಂಗಡಿಯ ಮುನಿರಾಜಣ್ಣ ಕೂಡ ಅದನ್ನೇ ಕೇಳಿದರು.

"ಶಟರ್ ಎಳೀಬೇಡಿ ಅಣ್ಣ. ಅಂಗಡಿ ತೆಗೆದಿದ್ರೇನೇ ನಮ್ಮನ್ನ ನಾಲ್ಕು ಜನ ನೋಡೋದು," ಅಂದೆ.

"ಯಾರ ವಿರುದ್ಧ ಇದು?"

"ನಮ್ಮನ್ನ ಚಿಂಕಿ, ಚೈನಾ ಅಂತ ಕರೆಯೋರ ವಿರುದ್ಧ," ಅಂದಳು ತೊಯ್ಬಿ, ಕನ್ನಡದಲ್ಲೇ.

ಅವರು ಕನ್ನಡಕ ಮೇಲೇರಿಸಿದರು. "ನಾನೂ ನಿನ್ನನ್ನ ಚೈನಾ ಅಂತಾನೇ ಅಲ್ವೇನಮ್ಮ ಕರೆಯೋದು?"

"ಹೌದು ಅಣ್ಣ. ದಿನಾ."



"ಅಂದ್ರೆ ಮೆರವಣಿಗೆ ನನ್ನ ವಿರುದ್ಧ, ನಾನೇ ಬಾಗಿಲು ತೆಗೆದು ನೋಡ್ತಾ ಕೂತ್ಕೋಬೇಕು!" ಅಂದವರು ಕರಪತ್ರ ಮಡಚಿ ಜೇಬಿಗಿಟ್ಟುಕೊಂಡರು. ನಾವು ಮೆಟ್ಟಿಲಿಳಿಯುವಾಗ ಹಿಂದಿನಿಂದ ಕೂಗಿದರು, "ನಿನ್ನ ಹೆಸರೇನಮ್ಮಾ?"

ಭಾನುವಾರ ಬೆಳಿಗ್ಗೆ ಫುಟ್‌ಪಾತ್ ಹಿಡಿದು ಸಾಲಾಗಿ ಹೊರಟೆವು. ಬಟ್ಟೆ ಅಂಗಡಿ, ಮೆಡಿಕಲ್, ಎಲ್ಲ ತೆರೆದಿದ್ದವು. ಬೇಕರಿಯವರು ಕರೆದು ನೀರು ಕೊಟ್ಟರು. ಹಾರ್ಡ್‌ವೇರ್ ಅಂಗಡಿ ಬಂತು. ಶಟರ್ ಪೂರ್ತಿ ಕೆಳಗೆ, ಮೇಲೆ ಬೀಗ ಬೇರೆ. ನನಗೆ ಮೈಯೆಲ್ಲ ಉರಿಯಿತು. "ನೋಡು, ಬೇಕಂತಲೇ ಹಾಕ್ಕೊಂಡು ಹೋಗಿದ್ದಾರೆ," ಅಂದೆ.

ಅಷ್ಟರಲ್ಲಿ ಸಾಲಿನ ಹಿಂದಿನಿಂದ ದನಿ ಬಂತು: "ತೊಯ್ಬೀ, ಸ್ವಲ್ಪ ನಿಧಾನ ನಡೀರಮ್ಮಾ, ನನಗೆ ಮಂಡಿ ನೋವು!"

ಆ ರಸ್ತೆಯುದ್ದಕ್ಕೂ ನಮ್ಮ ಮಾತು ಮೀರಿ ಶಟರ್ ಎಳೆದವರು ಅವರೊಬ್ಬರೇ.