ಕೆಂಪು ಚುಕ್ಕಿಯ ನಾಲ್ಕು ಬಲ್ಬು

ಗುಂಡ್ಲುಪೇಟೆಯ ಈರುಳ್ಳಿ ವ್ಯಾಪಾರಿ ಗುರುಪಾದಸ್ವಾಮಿ ಈ ಲೋಕದಲ್ಲಿ ಪೂರ್ತಿ ನಂಬಿದ್ದು ಇಬ್ಬರನ್ನೇ. ಒಬ್ಬ ಶಿವ, ಇನ್ನೊಬ್ಬರು ಸ್ವತಃ ಗುರುಪಾದಸ್ವಾಮಿ. ಶಿವನ ಮೇಲೂ ಒಂದು ವರ್ಷ, ಈರುಳ್ಳಿ ಕಿತ್ತು ಒಣಗಲು ಹಾಕಿದ ದಿನವೇ ಮಳೆ ಸುರಿದಾಗ, ಸಣ್ಣದೊಂದು ಅನುಮಾನ ಬಂದು ಹೋಗಿತ್ತು.

ಮಂಡಿಯಲ್ಲಿ ಚೀಲದ ಬಾಯಿ ಬಿಚ್ಚಿದರೆ ಉಳಿದವರು ಮೇಲಿನ ಈರುಳ್ಳಿ ನೋಡುತ್ತಾರೆ. ಇವರು ತೋಳನ್ನು ಭುಜದವರೆಗೆ ಇಳಿಸಿ, ತಳದಲ್ಲಿ ಅಡಗಿದ್ದ ಈರುಳ್ಳಿಯನ್ನು ಕಳ್ಳನನ್ನು ಎಳೆದು ತರುವಂತೆ ತಂದು ಮೂಸುತ್ತಾರೆ. ಮೂವತ್ತೈದು ವರ್ಷ ಹೀಗೆ ತಳ ಕೆದಕಿದ ಕೈ ಮನೆಗೆ ಬಂದ ಮೇಲೂ ಸುಮ್ಮನಿರುವುದಿಲ್ಲ. ಗಿರಣಿಯವನು ಬೇರೆಯವರ ರಾಗಿ ಹಿಟ್ಟು ಕೊಟ್ಟಾನೆಂದು ಡಬ್ಬಿಗೆ ಗುರುತು. ದೇವಸ್ಥಾನದ ಬಾಗಿಲಲ್ಲಿ ಬಿಡುವ ಚಪ್ಪಲಿಗೆ ಗುರುತು. ಛತ್ರಿಗೆ, ಗ್ಯಾಸ್ ಸಿಲಿಂಡರಿಗೆ, ಒಡೆಯಲೆಂದೇ ಒಯ್ಯುವ ತೆಂಗಿನಕಾಯಿಗೂ ಗುರುತು. ಗುರುತೆಂದರೆ ಹೆಂಡತಿ ಸುಧಾಮಣಿಯವರ ನೈಲ್ ಪಾಲಿಶ್‌ನ ಒಂದು ಕೆಂಪು ಚುಕ್ಕಿ. ತಂಗಿಯ ಮದುವೆಗೆಂದು ಕೊಂಡ ಆ ಸೀಸೆ ಸುಧಾಮಣಿಯವರ ಉಗುರು ಕಂಡದ್ದು ಒಂದೇ ಸಲ. ಮಿಕ್ಕಿದ್ದೆಲ್ಲ ಮನೆಯ ಆಸ್ತಿ ರಕ್ಷಣೆಗೆ ಸಂದಿತು.

ಇಂಥ ಮಹಾನುಭಾವರ ಬಳಿ ಒಂದು ಹಳೆಯ ಬಿಳಿ ಕಾರಿದೆ. ಮೂರು ವರ್ಷದ ಹಿಂದೆ ಇಲಿಯೊಂದು ಅದರ ವೇಗ ತೋರಿಸುವ ಮೀಟರಿನ ವೈರು ಕಡಿಯಿತು. ರಿಪೇರಿಗೆ ಹೋದದ್ದು ಊಟಿ ರಸ್ತೆಯಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡುವ ಅಬ್ದುಲ್ ರಹೀಂ ಅವರ ಅಂಗಡಿಗೆ. ರಹೀಂ ಬೇರೆ ಯಾರೂ ಅಲ್ಲ, ಒಂದನೇ ಕ್ಲಾಸಿನಿಂದ ಒಂದೇ ಬೆಂಚಿನಲ್ಲಿ ಕೂತವರು. ಇಡೀ ಊರು 'ಸ್ವಾಮೇರೇ' ಎನ್ನುವಾಗ 'ಲೋ ಗುರು' ಎಂದು ಕರೆಯುವ ಅಧಿಕಾರ ಇದ್ದದ್ದು ಅವರೊಬ್ಬರಿಗೆ. ಆದರೂ ರಹೀಂ ಮೀಟರು ಬಿಚ್ಚಿಟ್ಟು ಟೀ ಹೇಳಲು ಹೊರಗೆ ಹೋದಾಗ, ಗುರುಪಾದಸ್ವಾಮಿ ಜೇಬಿನಿಂದ ಸೀಸೆ ತೆಗೆದು, ಒಳಗಿನ ನಾಲ್ಕೂ ಬಲ್ಬಿನ ಬುಡಕ್ಕೆ ಚುಕ್ಕಿ ಇಟ್ಟಿದ್ದರು. ಸ್ನೇಹ ಬೇರೆ, ಬಲ್ಬು ಬೇರೆ.

ಕಾರು ಮನೆಗೆ ಬಂತು. ಮುಸ್ಸಂಜೆಯಲ್ಲಿ ನೋಡಿದರೆ ಮೀಟರಿನ ಬೆಳಕು ಮಂಕು! ಮುಳ್ಳು ನಲವತ್ತರಲ್ಲಿದೆಯೋ ಅರವತ್ತರಲ್ಲಿದೆಯೋ ಕಾಣದು.

"ಒರಿಜಿನಲ್ ಬಲ್ಬ ಎತ್ಕಂಡು ಕಿತ್ತೋದವ ಹಾಕ್ಬುಟ್ಟವ್ನೆ" ಎಂದು ಗುರುಪಾದಸ್ವಾಮಿ ತೀರ್ಪು ಕೊಟ್ಟರು. ತೀರ್ಪು ಮರುದಿನ ಮಂಡಿಯಲ್ಲಿ ಪ್ರಕಟವಾಗಿ, ಟೀ ಅಂಗಡಿಯಲ್ಲಿ ಮರುಪ್ರಸಾರಗೊಂಡು, ಸಂಜೆಯೊಳಗೆ ಊಟಿ ರಸ್ತೆ ಮುಟ್ಟಿತು. ರಹೀಂ ಜಗಳಕ್ಕೆ ಬರಲಿಲ್ಲ. "ಬಿಚ್ಚಿ ನೋಡ್ಲಿ ಬುಡಿ" ಎಂದಷ್ಟೇ ಹೇಳಿ ಕಳಿಸಿದರು.

ಬಿಚ್ಚಿ ನೋಡುವುದು ಅರ್ಧ ಗಂಟೆಯ ಕೆಲಸ. ಗುರುಪಾದಸ್ವಾಮಿ ಮೂರು ವರ್ಷ ಬಿಚ್ಚಲಿಲ್ಲ. ಬಿಚ್ಚಿದರೆ ಎಲ್ಲಿ ಅನುಮಾನ ತೀರಿಹೋಗುತ್ತದೋ ಎಂಬ ಅನುಮಾನ. ಮೂರು ವರ್ಷ ಇಬ್ಬರಿಗೂ ಮಾತಿಲ್ಲ.

ಕಳೆದ ತಿಂಗಳು ರಹೀಂ ಮತ್ತು ಅವರ ಹೆಂಡತಿ ನಜೀಮಾ, ಮಗಳು ಸಲ್ಮಾಳ ಮದುವೆ ಪತ್ರಿಕೆ ಹಿಡಿದು ಮನೆಗೆ ಬಂದರು. ಗುರುಪಾದಸ್ವಾಮಿ ಹಿತ್ತಿಲಿನ ಕರಿಬೇವಿನ ಗಿಡದ ಮರೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು.

"ಭಾನುವಾರ, ಚಾಮರಾಜನಗರದಲ್ಲಿ ಕಣಮ್ಮ. ನಿಮಗೇಂತ ಅಡುಗೆ ಬೇರೆ, ಅಡುಗೆಯವ್ರೂ ಬೇರೆ. ಸ್ವಾಮೇರ್ನೂ ಕರ್ಕೊಂಡು ಬನ್ನಿ" ಎಂದರು ರಹೀಂ.

ಆ 'ಸ್ವಾಮೇರ್ನೂ' ಎಂಬ ಮಾತು ಕರಿಬೇವಿನ ಗಿಡದವರೆಗೆ ಬಂದು ಚುಚ್ಚಿತು. ಬಯ್ದಿದ್ದರೂ ಅಷ್ಟು ಚುಚ್ಚುತ್ತಿರಲಿಲ್ಲ.

ಅವರು ಹೋದ ಮೇಲೆ ಸುಧಾಮಣಿ ಸೆರಗು ಸಿಕ್ಕಿಸಿ ಹಿತ್ತಿಲಿಗೆ ಬಂದರು. "ನಾನಂತೂ ಓಯ್ತೀನಿ. ನೀವು ಬರ್ನಿಲ್ಲ ಅಂದ್ರೆ ಬಸ್ಸಲ್ಲೇ ಓಯ್ತೀನಿ. ನಾ ಎತ್ತಿ ಆಡಿಸಿದ ಮಗು ಕಣ್ರೀ ಅದು."

"ಬಲ್ಬ್ ಕದ್ದವ್ನ ಮನೇಲಿ ಉಣ್ಣಕಾದದಾ?"

"ಕದ್ದವ್ನೆ ಅಂತ ಯಾರು ನೋಡಿರೋರು? ಬಿಚ್ಚಿ. ಚುಕ್ಕಿ ಇಲ್ದೆ ಇದ್ರೆ ನಾನೂ ಓಗಲ್ಲ. ಇದ್ರೆ, ನೀವು ಓಗಿ ನಿಮ್ಮ ಬಾಯಲ್ಲೇ ತಪ್ಪಾಯ್ತು ಅನ್ಬೇಕು."

ಹೀಗೆ ಯುದ್ಧ ಘೋಷಣೆಯಾಯಿತು.

ಬಿಚ್ಚುವುದೇ ಆದರೆ ಹೊಸ ಎಲ್‌ಇಡಿಗಳನ್ನೇ ಹಾಕಿಬಿಡುವುದೆಂದು ಗುರುಪಾದಸ್ವಾಮಿ ನಿಶ್ಚಯಿಸಿದರು. ಗುಂಡ್ಲುಪೇಟೆಯಲ್ಲಿ ಕೊಂಡರೆ ರಹೀಮರಿಗೆ ಸುದ್ದಿ ಮುಟ್ಟೀತೆಂದು ಚಾಮರಾಜನಗರಕ್ಕೇ ಹೋಗಿ ನಾಲ್ಕು ತಂದರು. ಒಂದೊಂದೂ ಹುಣಸೆ ಬೀಜದಷ್ಟು. ಇವಕ್ಕೂ ಗುರುತು ಬೇಡವೇ? ಆದರೆ ನೈಲ್ ಪಾಲಿಶ್ ಸೀಸೆಯೊಳಗೆ ಗಟ್ಟಿ ಕಲ್ಲಾಗಿತ್ತು. ಗುರುಪಾದಸ್ವಾಮಿ ದೇವರ ಮನೆಗೆ ಹೋಗಿ, ವಿಭೂತಿ ಗಟ್ಟಿಯನ್ನು ನೀರಲ್ಲಿ ತೇದು, ಒಂದೊಂದು ಬಲ್ಬಿಗೂ ಬೆಂಕಿಕಡ್ಡಿಯಿಂದ ಮೂರೆಳೆ ಎಳೆದರು. ಪೂಜೆಯೂ ಆಯಿತು, ಗುರುತೂ ಆಯಿತು. ಅಷ್ಟು ಪುಟ್ಟ ಬಲ್ಬಿಗೆ ಹಣೆ ಯಾವುದು, ಪಾದ ಯಾವುದು ತಿಳಿಯದೆ ಮೈತುಂಬ ಬಳಿದು ನೆರಳಲ್ಲಿ ಒಣಗಿಸಿದರು.

ಶುಕ್ರವಾರ ಬೆಳಗ್ಗೆ ದಂಡಯಾತ್ರೆ ಹೊರಟಿತು. ಮೊಬೈಲಿನ ವಿಡಿಯೋ ಹೇಳಿದಂತೆ ಮೊದಲು ಬ್ಯಾಟರಿಯ ವೈರು ಬಿಚ್ಚಿದರು. ವಿಡಿಯೋದವನ ಮೇಲೂ ಪೂರ್ತಿ ನಂಬಿಕೆಯಿಲ್ಲದ್ದರಿಂದ ಇನ್ನೊಬ್ಬನ ವಿಡಿಯೋ ನೋಡಿ ತಾಳೆ ಹಾಕಿದರು. ಸ್ಕ್ರೂಗಳನ್ನು ತೆಗೆದ ಕ್ರಮದಲ್ಲೇ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಇಟ್ಟರು. ಮೀಟರನ್ನು ಎಳೆದು, ತಿರುಗಿಸಿ, ಮೊದಲನೇ ಬಲ್ಬನ್ನು ಹೊರತೆಗೆದರು.

ಬುಡದಲ್ಲಿ ಕೆಂಪು ಚುಕ್ಕಿ.

ಎರಡನೆಯದರಲ್ಲೂ ಚುಕ್ಕಿ. ಮೂರನೆಯದರಲ್ಲೂ. ನಾಲ್ಕನೆಯದರಲ್ಲಿ ಚುಕ್ಕಿ ಸ್ವಲ್ಪ ಸೋರಿತ್ತು. ಅವತ್ತು ರಹೀಂ ಟೀ ಹೇಳಿ ಬೇಗ ವಾಪಸ್ ಬಂದಿದ್ದರು. ಬಲ್ಬುಗಳ ಗಾಜು ಮಾತ್ರ ವಯಸ್ಸಾಗಿ ಒಳಗೊಳಗೇ ಕಪ್ಪಿಟ್ಟಿತ್ತು.

ಗುರುಪಾದಸ್ವಾಮಿ ನಾಲ್ಕನ್ನೂ ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಅವರ ಮುಖ ಬೆಳಗಿತು. "ನನ್ನ ಚುಕ್ಕೀನೂ ನಕಲು ಮಾಡವ್ನೆ!"

ಸುಧಾಮಣಿ ಒಳಗೆ ಹೋಗಿ ಒಣಗಿದ ಸೀಸೆ ತಂದು ಪಕ್ಕದಲ್ಲಿಟ್ಟರು. ಅದೇ ಬಣ್ಣ, ಅದೇ ಮಿನುಗು.

"ಆಯ್ತು, ಬಲ್ಬ್ ನಂದೇ ಇರಬೋದು. ಒಳಗಿನ ತಂತಿ ಬದಲಾಯ್ಸಿದ್ರೆ?"

"ಗಾಜಿನೊಳಿಕ್ಕೆ ನುಗ್ಗಿ ತಂತಿ ಬದಲಾಯ್ಸಕೆ ರಹೀಮಣ್ಣ ಏನು ಇರುವೆನಾ?" ಎಂದು ಸುಧಾಮಣಿ ಸೀಸೆಯನ್ನು ಎತ್ತಿಕೊಂಡು ಹೋದರು. "ಭಾನುವಾರದೊಳ್ಗೆ ಓಗಿ ಏಳ್ಬೇಕು. ಮಾತು ಮಾತೇ."

ಸೋತ ಸೇನಾಪತಿಗೆ ಉಳಿದದ್ದು ಹೊಸ ಬಲ್ಬುಗಳು. ಹಾಕಿದರು, ಬ್ಯಾಟರಿ ಸೇರಿಸಿದರು. ಹಗಲಲ್ಲಿ ಬೆಳಕು ಕಾಣದೆಂದು ಕಾರಿನ ಮುಂಭಾಗಕ್ಕೆ ಕಂಬಳಿ ಹೊದಿಸಿ, ತಾವೂ ಅದರೊಳಗೆ ತಲೆ ತೂರಿಸಿ ಸ್ವಿಚ್ ಒತ್ತಿದರು. ಮಧ್ಯಾಹ್ನದ ಬಿಸಿಲಲ್ಲಿ ಕಂಬಳಿಯೊಳಗೆ ಬೆವರು ಹರಿಯಿತೇ ಹೊರತು ಬೆಳಕು ಬರಲಿಲ್ಲ. ಎಲ್‌ಇಡಿ ತಿರುಗುಮುರುಗಾದರೆ ಉರಿಯುವುದಿಲ್ಲವೆಂದು ವಿಡಿಯೋ ಹೇಳಿತ್ತು. ನಾಲ್ಕನ್ನೂ ತಿರುಗಿಸಿ ಹಾಕಿದರು. ಕತ್ತಲೆ. ಮತ್ತೆ ತಿರುಗಿಸಿದರು. ಕತ್ತಲೆ.

"ಚಾಮರಾಜನಗರದವ್ನು ಟೋಪಿ ಹಾಕ್ದ" ಎಂದಿತು ಕಂಬಳಿ.

"ಓಗನ ರಹೀಮಣ್ಣನ ಅಂಗಡಿಗೆ" ಎಂದರು ಸುಧಾಮಣಿ.

"ನೀ ಬರ್ಬೇಡ. ನಾನೊಬ್ಬನೇ ಓಯ್ತೀನಿ."

ಮೀಟರನ್ನು ಟವೆಲಿನಲ್ಲಿ ಸುತ್ತಿ, ಹಸುಗೂಸಿನಂತೆ ಎತ್ತಿಕೊಂಡು, ಗುರುಪಾದಸ್ವಾಮಿ ಊಟಿ ರಸ್ತೆಯಲ್ಲಿ ನಡೆದರು. ಜೇಬಿನಲ್ಲಿ ನಾಲ್ಕು ಹಳೆಯ ಬಲ್ಬು ಟಿಣಿಟಿಣಿ ಎನ್ನುತ್ತಿದ್ದವು. ಈರುಳ್ಳಿ ಲಾರಿಯ ಮೇಲೆ ನಿಂತಿದ್ದ ಮಂಡಿಯ ಶಿವಸ್ವಾಮಿ ಕೂಗಿದ: "ಏನ್ ಸ್ವಾಮೇರೇ, ಕಳ್ಳನ ಮನೆಗೆ ಒಡವೆ ನೀವೇ ಒತ್ಕಂಡು ಓಗ್ತಿದ್ದೀರಿ!" ತಾವೇ ಊರಿಗೆಲ್ಲ ಹಂಚಿದ ಮಾತು. ಗುರುಪಾದಸ್ವಾಮಿ ಕತ್ತೆತ್ತಲಿಲ್ಲ.

"ಬನ್ನಿ ಸ್ವಾಮೇರೇ" ಎಂದು ರಹೀಂ ಎದ್ದು ನಿಂತು ಸ್ಟೂಲು ಒರೆಸಿದರು. ಅಷ್ಟು ಮರ್ಯಾದೆ ಕಂಡು ಗುರುಪಾದಸ್ವಾಮಿಗೆ ಕೂರಲಾಗಲಿಲ್ಲ. ಮೀಟರನ್ನು ಕೊಟ್ಟು, "ಉರೀತಿಲ್ಲ" ಎಂದರು.

ರಹೀಂ ಕನ್ನಡಕ ಏರಿಸಿ ಒಂದು ಬಲ್ಬು ತೆಗೆದು ನೋಡಿದರು. ಇನ್ನೊಂದು ತೆಗೆದರು. ಮೀಸೆಯ ಕೆಳಗೆ ಏನೋ ಅಲುಗಿತು.

"ಇದೇನು ಸ್ವಾಮೇರೇ, ಬಲ್ಬ್‌ಗೆಲ್ಲ ದೀಕ್ಷೆ ಕೊಡಿಸಿದ್ದೀರಿ?"

"ಗುರ್ತಿಗೆ ಕಣಯ್ಯ."

"ಕರೆಂಟು ಬರೋ ತಂತಿ ಮೇಲೇ ಬಳ್ದಿದ್ದೀರಲ್ಲ. ವಿಭೂತಿ ಗಟ್ಟಿಯಾಗಿ ಕೂತದೆ. ಕರೆಂಟ್ ಎಲ್ಲಿಂದ ಒಳಿಕ್ಕೆ ಓಯ್ತದೆ?"

ರಹೀಂ ಡ್ರಾಯರಿನಿಂದ ಒಗೆದ ಬಿಳಿ ಬಟ್ಟೆ ತೆಗೆದು, ಕೆಳಗೆ ಕಾಗದ ಹಾಸಿ, ಒಂದೊಂದೇ ಬಲ್ಬಿನ ತಂತಿ ಒರೆಸಿದರು. ಉದುರಿದ ಬೂದಿಯನ್ನು ನೆಲಕ್ಕೆ ಬೀಳಲು ಬಿಡಲಿಲ್ಲ. ಕಾಗದವನ್ನು ಪೊಟ್ಟಣ ಕಟ್ಟಿ ಕೈಗಿಟ್ಟರು. "ತಕ್ಕೊಳಿ, ತುಳಿಬಾರ್ದಲ್ಲ." ಆಮೇಲೆ ಮೀಟರಿಗೆ ವೈರು ಮುಟ್ಟಿಸಿದರು. ಬೆಳ್ಳಗೆ, ಹಾಲು ಚೆಲ್ಲಿದಂತೆ ಬೆಳಕು. ಸೊನ್ನೆಯಿಂದ ನೂರನಲವತ್ತರವರೆಗೆ ಒಂದೊಂದು ಅಂಕಿಯೂ ಕಂಡಿತು.

ಗುರುಪಾದಸ್ವಾಮಿ ಪೊಟ್ಟಣವನ್ನು ಜೇಬಿಗೆ ಹಾಕಲು ಹೋದರು. ಬೆರಳಿಗೆ ಹಳೆಯ ಬಲ್ಬುಗಳು ತಾಗಿದವು. ನಾಲ್ಕನ್ನೂ ತೆಗೆದು, ಚುಕ್ಕಿ ಮೇಲೆ ಬರುವಂತೆ ಮೇಜಿನ ಮೇಲೆ ಸಾಲಾಗಿಟ್ಟರು.

"ನಂದೇ ಕಣಯ್ಯ ಇವು. ನಾಲ್ಕೂ ನಂದೇ. ತಪ್ಪಾಯ್ತು."

"ಗೊತ್ತು" ಎಂದರು ರಹೀಂ. "ಅವತ್ತು ಟೀ ಹೇಳಿ ಬಂದಾಗ ಅಂಗಡಿ ತುಂಬ ಪಾಲಿಶ್ ವಾಸ್ನೆ. ಚುಕ್ಕಿ ನೋಡ್ದೆ. ಹೊಸ ಬಲ್ಬ್ ಹಾಕನ ಅಂತಿದ್ದೆ, ಹಳೇವು ಕಪ್ಪಾಗಿದ್ವು. ಹಾಕಿದ್ರೆ ನೀನು ಕದ್ದ ಅಂತೀಯ ಅಂತ ಅವನ್ನೇ ಬುಟ್ಟೆ."

ಗುರುಪಾದಸ್ವಾಮಿಗೆ ಬೆಳಕು ಮಂಕಾದ ಕಾರಣ ಈಗ ತಿಳಿಯಿತು. ಅದು ಅವರದೇ ಚುಕ್ಕಿ. ಮಾತಿನ ನಡುವೆ 'ನೀನು' ಬಂದದ್ದೂ ಕಿವಿಗೆ ಬಿತ್ತು.

"ಕೂತ್ಕೊಳ್ಲಾ ಗುರು" ಎಂದರು ರಹೀಂ. "ಟೀ ಏಳ್ಬರ್ತೀನಿ. ಏನಾದ್ರೂ ಚುಕ್ಕಿ ಇಡೋದಿದ್ರೆ ಇಟ್ಕೊ."

ಭಾನುವಾರ ಚಾಮರಾಜನಗರದ ಮದುವೆ ಹಾಲಿನ ಒಂದು ಮೂಲೆಯಲ್ಲಿ ಸಸ್ಯಾಹಾರದ ಸಾಲು ಬೇರೆಯೇ ಇತ್ತು. ಸುಧಾಮಣಿಯವರ ಪಕ್ಕ ಎಲೆ ಮುಂದೆ ಕೂತ ಗುರುಪಾದಸ್ವಾಮಿಯ ಕಣ್ಣು ಅಭ್ಯಾಸಬಲದಿಂದ ಸೌಟು ಹುಡುಕಿತು. ಯಾವ ಪಾತ್ರೆಯ ಸೌಟು ಯಾವ ಪಾತ್ರೆಗೆ ಬಿದ್ದಿದೆಯೋ! ಪಲಾವಿನ ಸೌಟಿನ ಹಿಡಿಯಲ್ಲಿ ಒಂದು ಕೆಂಪು ಚುಕ್ಕಿ ಇತ್ತು. ಸಾಂಬಾರಿನ ಸೌಟಿಗೂ ಇತ್ತು. ಬಕೆಟ್ಟಿಗೆ, ನೀರಿನ ಜಗ್ಗಿಗೆ, ಉಪ್ಪಿನಕಾಯಿ ಚಮಚಕ್ಕೂ ಇತ್ತು.

"ಸಲ್ಮಾಳ ಪಾಲಿಶ್ ಖಾಲಿ ಮಾಡ್ದೆ ಕಣ್ಲಾ" ಎಂದು ಹಿಂದಿನಿಂದ ರಹೀಂ ನಕ್ಕರು. "ಬೈತಾವ್ಳೆ."

ಎರಡನೇ ಸಲ ಪಲಾವ್ ಬಂದಾಗ ಸೌಟಿನ ಹಿಡಿ ಬಡಿಸುವವನ ಮುಷ್ಟಿಯೊಳಗಿತ್ತು. ಚುಕ್ಕಿ ಕಾಣುತ್ತಿರಲಿಲ್ಲ. ಸುಧಾಮಣಿ ತುತ್ತು ನಿಲ್ಲಿಸಿ ಗಂಡನ ಮುಖ ನೋಡಿದರು. ಗುರುಪಾದಸ್ವಾಮಿ ಎಲೆಯನ್ನು ಮುಂದಕ್ಕೆ ಸರಿಸಿದರು.

"ಹಾಕಪ್ಪ" ಎಂದರು. ಆಮೇಲೆ, ತಡೆಯಲಾರದೆ, "ತಳದಿಂದ ಹಾಕು."